ಹೊಸ ಬಾಟಲಿಯ ಮೊದಲ ಟ್ಯೂಬು

ನಮ್ಮ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಕಂಟ್ರೋಲಕ್ಕ ಎಂದೇ. ಕಂಟ್ರೋಲ್ ಎಂದರೆ ಉತ್ತರ ಮೊದಲೇ ಗೊತ್ತಿರುವ ದ್ರವ. ಅದನ್ನು ಯಂತ್ರಕ್ಕೆ ಕೊಟ್ಟು, ಬರಬೇಕಾದ ಅಂಕಿ ಬಂದರೆ ಮಾತ್ರ ರೋಗಿಗಳ ರಕ್ತಕ್ಕೆ ಕೈ ಹಾಕಬೇಕು. ಬೆಳಗ್ಗೆ ಒಮ್ಮೆ, ಪರೀಕ್ಷೆಯ ದ್ರಾವಣದ ಹೊಸ ಬಾಟಲಿ ತೆರೆದಾಗಲೆಲ್ಲ ಮತ್ತೊಮ್ಮೆ. ತಲೆ ಮೇಲೆ ತಲೆ ಬಿದ್ದರೂ ಅವಳು ಇದನ್ನು ತಪ್ಪಿಸಿದವಳಲ್ಲ. ಒಮ್ಮೆ ನಾನು ತಪ್ಪಿಸಿ ಬೈಸಿಕೊಂಡದ್ದು ಏಳು ಜನ್ಮಕ್ಕೆ ಸಾಕು.

ಅಂಥವಳು ಮೊನ್ನೆ ತಪ್ಪಿಸಿದಳು. ಕಿಡ್ನಿಯ ಪರೀಕ್ಷೆಗೆಂದು ಬಂದ ಅವಳ ಅಮ್ಮ ಹೊರಗೆ ಬೆಂಚಿನ ಮೇಲೆ ಹಸಿದು ಕೂತಿದ್ದರು. ಅದೇ ಹೊತ್ತಿಗೆ ದ್ರಾವಣ ಮುಗಿಯಿತು. ಅಕ್ಕ ಹೊಸ ಬಾಟಲಿ ಹಾಕಿ, ಕಂಟ್ರೋಲ್ ಬಿಟ್ಟು ನೇರವಾಗಿ ಅಮ್ಮನ ರಕ್ತದ ಟ್ಯೂಬನ್ನೇ ಇಟ್ಟಳು. ಕಿಡ್ನಿ ಕೆಟ್ಟಷ್ಟೂ ಏರುವ ಕ್ರಿಯಾಟಿನಿನ್, ಹೋದ ತಿಂಗಳು 3.1 ಇದ್ದದ್ದು, 2.4ಕ್ಕೆ ಇಳಿದಿತ್ತು. ಇನ್ನು ಡಯಾಲಿಸಿಸ್ ಮಾತು ಬರಲಿಕ್ಕಿಲ್ಲ ಎಂದು ತಾಯಿ ಮಗಳಿಬ್ಬರ ಮುಖವೂ ಊರಗಲವಾಯಿತು. ನೋಡಿ ನನಗೂ ಹೊಟ್ಟೆ ತುಂಬಿತು.

ಮರುದಿನ ಬೆಳಗ್ಗೆ, ಐದು ತೋರಿಸಬೇಕಾದ ಕಂಟ್ರೋಲ್ ನಾಲ್ಕನ್ನೂ ಮುಟ್ಟಲಿಲ್ಲ. ಬಾಟಲಿಯೇ ಕೆಟ್ಟಿತ್ತು.

"ಇವತ್ತಿಂದ ಸರಿ ಮಾಡಿ. ನಿನ್ನೇದನ್ನ ಯಾರು ಕೇಳ್ತಾರೆ?" ಎಂದರು ಲ್ಯಾಬಿನ ಸಾಹೇಬರು.

"ಬೇಲಿನೇ ಎದ್ದು ಹೊಲ ಮೇಯ್ದಿದೆ ಸರ್. ತಪ್ಪು ನಂದು. ನಿನ್ನೆ ಆ ಬಾಟಲೀಲಿ ಮಾಡಿದ ಹತ್ತೊಂಬತ್ತು ರಿಪೋರ್ಟೂ ವಾಪಸ್ ತಗೋಬೇಕು," ಎಂದಳು ಅಕ್ಕ.

ಫ್ರಿಜ್ಜಿನಲ್ಲಿದ್ದ ನಿನ್ನೆಯ ಟ್ಯೂಬುಗಳನ್ನು ಬೇರೆ ಬಾಟಲಿ ಹಾಕಿ, ಈ ಸಲ ಕಂಟ್ರೋಲ್ ನೋಡಿಯೇ, ಮತ್ತೆ ಓಡಿಸಿದೆವು. ಅಮ್ಮನದು 3.1. ಎಳ್ಳಷ್ಟೂ ಇಳಿದಿರಲಿಲ್ಲ. ಅಕ್ಕನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಅಕ್ಕ ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಿ ಕ್ಷಮೆ ಕೇಳಿದಳು. ಪಟ್ಟಿಯಲ್ಲಿ ಮೊದಲಿದ್ದದ್ದು ಅಮ್ಮ. ಆದರೆ ಯಾರಿಗೂ ಸಾಲು ತಪ್ಪಿಸಲು ಬಿಡದವಳು ಅಮ್ಮನನ್ನು ಕೊನೆಗೆ ತಳ್ಳಿದಳು. ಹದಿನೆಂಟು ಫೋನ್ ಮುಗಿದ ಮೇಲೂ ನೀರು ಕುಡಿದಳು, ಮೇಜು ಒರೆಸಿದಳು. ಆಮೇಲೆ ನಂಬರ್ ಒತ್ತಿ, "ಅಮ್ಮಾ..." ಎಂದಳು.

ಸ್ಪೀಕರ್‌ನಲ್ಲಿ ಅಮ್ಮನ ದನಿ ನನಗೂ ಕೇಳಿಸಿತು.

"ನಿನ್ನೆ ಅಲ್ಲೇ ರಕ್ತ ಕೊಟ್ಟಿದ್ದ ಪಕ್ಕದ ಮನೆಯವರಿಗೆ ಹತ್ತು ಗಂಟೆಗೇ ನಿನ್ನ ಫೋನ್ ಬಂತಂತೆ. ಆಗಿನಿಂದ ಫೋನ್ ಮುಂದೇನೇ ಕೂತಿದೀನಿ ಕಣೇ. ಅವರಿಗೆ ಹೇಳಿದ ಹಾಗೇ ನಂಗೂ ಹೇಳು. ಎಷ್ಟು?"