ಕೈಯ ಮೇಲಿನ ಎರಡು ತಂತಿ

ಇವತ್ತಿಗೂ ರಸ್ತೆಯಲ್ಲಿ ಲಾರಿ ಹೋಗಿ ಅಡುಗೆಮನೆಯ ತಟ್ಟೆಗಳು ನಡುಗಿದರೆ ನಾನು ಕೈಕೆಲಸ ಬಿಟ್ಟು ಕಿವಿಗೊಡುತ್ತೇನೆ.

ಅದಿರಿನ ಲಾರಿಗಳು ಹೊಸಪೇಟೆಯನ್ನು ಹಗಲಿಡೀ ಅಲುಗಿಸುತ್ತಿದ್ದ ಕಾಲವದು. ನಾನು ಆಸ್ಪತ್ರೆಯೊಂದರಲ್ಲಿ ಇಇಜಿ ತೆಗೆಯುತ್ತಿದ್ದೆ. ತಲೆಗೆ ತಂತಿ ಅಂಟಿಸಿದರೆ ಮೆದುಳಿನ ಅಲೆಗಳು ಪರದೆಯ ಮೇಲೆ ಗೀಟಾಗಿ ಓಡುತ್ತವೆ. ಆದರೆ ಆ ಯಂತ್ರಕ್ಕೆ ಮೆದುಳೂ ಒಂದೇ, ರಸ್ತೆಯೂ ಒಂದೇ. ಲಾರಿ ಹೋದರೆ ತಂತಿ ಅಲುಗಿ ಗೀಟು ಏಳುತ್ತಿತ್ತು. ಇವುಗಳ ಮನೆ ಹಾಳಾಗ ಎಂದು ಬೈಯುತ್ತಲೇ ಫಿಲ್ಟರ್ ಹಾಕಿ ಆ ಗದ್ದಲವನ್ನು ಸೋಸುತ್ತಿದ್ದೆ.

ಒಂದು ಮಧ್ಯಾಹ್ನ ಸಂಡೂರಿನ ಘಾಟಿಯಲ್ಲಿ ಲಾರಿ ಉರುಳಿ ತಲೆಗೆ ಪೆಟ್ಟಾದ ಡ್ರೈವರನ ಸರದಿ. ಉಸಿರು ಯಂತ್ರದ್ದು. ಮೆದುಳಿನಲ್ಲಿ ಜೀವ ಉಳಿದಿದೆಯೇ ಎಂಬುದಷ್ಟೇ ಡಾಕ್ಟರ ಪ್ರಶ್ನೆ. ಅವನ ಹೆಂಡತಿ, ಮೆಟ್ರಿ ಊರಿನ ಹೆಣ್ಣುಮಗಳು, ಪರದೆಗೆ ಕಣ್ಣು ನೆಟ್ಟು ನಿಂತಿದ್ದಳು. ಗೀಟು ಎದ್ದಿತು.

“ನೋಡ್ರಿ ಅಕ್ಕಾರ! ಅದಾನ್ರಿ!”

ಕಿಟಕಿಯಾಚೆಯ ಲಾರಿ ನನಗೆ ಕೇಳಿಸಿತ್ತು, ಅವಳಿಗೆ ಕೇಳಿಸಿರಲಿಲ್ಲ. ಇಂಥ ಅನುಮಾನ ಬಂದಾಗ ಮುಂಗೈಗೂ ಎರಡು ತಂತಿ ಅಂಟಿಸುತ್ತೇವೆ. ಕೈಯಲ್ಲಿ ಮೆದುಳಿಲ್ಲವಲ್ಲ, ಅಲ್ಲಿಯೂ ಅದೇ ಗೀಟು ಬಂದರೆ ಅದು ಹೊರಗಿನದು. ಅವನ ಕೈಗೆ ಅಂಟಿಸಿದೆ. ಮುಂದಿನ ಲಾರಿಗೆ ತಲೆಯ ಗೀಟು, ಕೈಯ ಗೀಟು ಎರಡೂ ಒಟ್ಟಿಗೇ ಎದ್ದವು.

“ಇದು ಲಾರಿದು, ಅವ್ವ. ಕೈಯಾಗೂ ಬರಾಕತ್ತೈತಿ ನೋಡು.”

“ಯಾಕ ಬರಬಾರ್ದ್ರಿ? ಸ್ಟೇರಿಂಗ್ ಹಿಡಿದಿದ್ದು ಆ ಕೈ ಅಲ್ಲೇನು?” ಎಂದು ಸಿಟ್ಟಿನಿಂದ ತನ್ನ ಕೈಯನ್ನೇ ಚಾಚಿದಳು. “ನನಗ ಹಚ್ರಿ, ನೋಡೋಣು.”

ಅವನ ಕೈಯದನ್ನು ಬಿಚ್ಚಿ ಅವಳಿಗೆ ಹಚ್ಚಿದೆ. ಲಾರಿ ಬಂತು. ಅವಳ ಕೈಯ ಗೀಟು, ಅವನ ತಲೆಯ ಗೀಟು ಜೊತೆಯಾಗಿ ಎದ್ದು ಜೊತೆಯಾಗಿ ಇಳಿದವು.

ಫಿಲ್ಟರ್ ಹಾಕಿದೆ. ಅವನ ಗೀಟು ಮಲಗಿತು. ಅವನನ್ನು ನಾನೇ ದೀಪದಂತೆ ಆರಿಸಿದೆನೇನೋ ಎನಿಸಿತು. ಡಾಕ್ಟರು ನೋಡಿ, ಇಲ್ಲವೆಂದು ತಲೆಯಾಡಿಸಿ ಹೊರಗೆ ಹೋದರು. ಅವನ ಅಪ್ಪ ಕಂಪ್ಲಿಯಿಂದ ಇನ್ನೂ ದಾರಿಯಲ್ಲಿದ್ದರು.

“ಅಕ್ಕಾರ, ಆ ಫಿಲ್ಟರ್ ತಗೀರಿ,” ಎಂದಳು. “ಲಾರಿದಾದ್ರೂ ಇರ್ಲಿ. ನಮ್ಮ ಮಾವ ಬರೋತನಕ ಓಡ್ಲಿ.”

ತೆಗೆದೆ. ಅವಳ ಕೈಯ ತಂತಿ ಬಿಚ್ಚಲು ಹೋದರೆ “ಬ್ಯಾಡ್ರಿ” ಎಂದಳು. ಲಾರಿಗಳನ್ನು ಬೈಯುವುದಿರಲಿ, ಆ ಹೊತ್ತು ನಾನೂ ಮುಂದಿನ ಲಾರಿಗಾಗಿ ಕಾಯುತ್ತ ಕೂತೆ.