ಗಿರಿಜಕ್ಕ ಕೇಳಿದ್ದು, ನಾನು ಕೂರಿಸಿದ್ದು

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಶಿರಸಿಯಲ್ಲಿ ಮನೆ ವೈರಿಂಗ್ ಗುತ್ತಿಗೆ ಹಿಡಿಯುತ್ತಿದ್ದೆ. ವೈರ್‌ಮನ್ ಪರವಾನಗಿ ಕೈಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಸಿದ್ದಾಪುರದಿಂದ ಯಲ್ಲಾಪುರದವರೆಗೆ ನಾನು ತಂತಿ ಎಳೆದ ಮನೆಗಳು ನೂರಾರು ಇವೆ. ಹೆಚ್ಚಿನವು ಮರೆತುಹೋಗಿವೆ. ಬನವಾಸಿಯ ಗಿರಿಜಕ್ಕನ ಮನೆ ಮಾತ್ರ ಮರೆಯುವುದಿಲ್ಲ.

ಆ ವರ್ಷವಷ್ಟೇ ಹುಬ್ಬಳ್ಳಿಯಲ್ಲಿ ಎರಡು ದಿನದ ತರಬೇತಿಗೆ ಹೋಗಿ ಸ್ಮಾರ್ಟ್ ರಿಲೇ ಮಾಡ್ಯೂಲ್ ಕೂರಿಸುವುದನ್ನು ಕಲಿತು ಬಂದಿದ್ದೆ. ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಸಾಮಾನು ಅದು. ಗೋಡೆಯ ಸಾಕೆಟ್ ಬಿಚ್ಚಿ, ಹಿಂದಿನ ಡಬ್ಬಿಯೊಳಗೆ ಅದನ್ನಿಟ್ಟು, ಫೇಸ್ ಮತ್ತು ನ್ಯೂಟ್ರಲ್ ತಂತಿ ಜೋಡಿಸಿದರೆ ಮುಗಿಯಿತು. ಮನೆಯ ವೈಫೈ ಮೂಲಕ ಮೊಬೈಲಿನಿಂದಲೇ ಆ ಸಾಕೆಟ್ಟಿಗೆ ಕರೆಂಟ್ ಬಿಡಬಹುದು, ನಿಲ್ಲಿಸಬಹುದು. ಒಳಗಿನ ರಿಲೇ ಎಂದರೆ ಕೈ ಮುಟ್ಟದೆಯೇ ತೆರೆದು ಮುಚ್ಚುವ ಒಂದು ಪುಟ್ಟ ಸ್ವಿಚ್ಚು. ಅದು ಟಕ್ ಎಂದಾಗ ಮನೆಯವರ ಮುಖ ಅರಳುವುದನ್ನು ನೋಡುವ ಚಟ ನನಗೆ ಹತ್ತಿತ್ತು.

ಗಿರಿಜಕ್ಕನಿಗೆ ಆಗ ನಲವತ್ತರ ಆಸುಪಾಸು. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಎರಡೂ ಕಾಲಿನ ಬಲ ಹೋಗಿತ್ತು. ಗಾಲಿ ಹಚ್ಚಿದ ಗಿಡ್ಡ ಮಣೆಯ ಮೇಲೆ ಕೂತು, ಕೈಯಿಂದ ನೆಲ ತಳ್ಳುತ್ತ ಮನೆಯೆಲ್ಲ ಓಡಾಡುತ್ತಿದ್ದರು. ಹೊಲಿಗೆ ಯಂತ್ರವೂ ನೆಲದ ಮೇಲೆಯೇ. ಮದುವೆ ರವಿಕೆ ಎಂದರೆ ಊರಿನವರು ಅವರ ಹತ್ತಿರವೇ ಬರುತ್ತಿದ್ದರು. ಆದರೆ ಸ್ವಿಚ್ ಬೋರ್ಡು ಎಲ್ಲ ಮನೆಗಳಂತೆ ನಾಲ್ಕೂವರೆ ಅಡಿ ಎತ್ತರದಲ್ಲಿತ್ತು. ಬಿದಿರುಕೋಲಿನ ತುದಿಯಿಂದ ಸ್ವಿಚ್ ಒತ್ತಿ ಅವರು ಕೆಲಸ ಸಾಗಿಸುತ್ತಿದ್ದರು.

"ನಾಯ್ಕರ, ನನಗ ಬ್ಯಾರೆ ಏನೂ ಬ್ಯಾಡ್ರಿ. ಈ ಬೋರ್ಡು ನನ್ನ ಕೈಗೆ ನಿಲುಕೂವಂಗ ಕೆಳಗ ಇಳಿಸಿಕೊಡ್ರಿ, ಸಾಕು" ಎಂದರು.

ಅವರ ತಮ್ಮ ಬಸವರಾಜ ಪಕ್ಕದಲ್ಲೇ ನಿಂತಿದ್ದ. "ದೀಪಾವಳಿಗೆ ಪೇಂಟ್ ಹೊಡಿಸೇವ್ರಿ. ಗ್ವಾಡಿ ಒಡಿಯಾಕ ಹೋಗಬ್ಯಾಡ್ರಿ" ಎಂದ.

ನನಗೆ ಅಷ್ಟೇ ಬೇಕಿತ್ತು. "ಗೋಡೆ ಮುಟ್ಟೂದೇ ಬೇಡ. ಡಬ್ಬಿ ಒಳಗೇ ಕೂತ್ಕಳ್ತದೆ. ಅಕ್ಕ ಕೂತಲ್ಲಿಂದಲೇ ಮೊಬೈಲ್ ಒತ್ತಿದ್ರಾಯ್ತು" ಎಂದೆ. ಗಿರಿಜಕ್ಕ ಬೋರ್ಡನ್ನೊಮ್ಮೆ ನೋಡಿ ಸುಮ್ಮನಾದರು. ಅದನ್ನು ಒಪ್ಪಿಗೆ ಎಂದುಕೊಂಡೆ.

ಫೆಬ್ರವರಿಯಲ್ಲಿ ಮೂರು ಸಾಕೆಟ್ಟಿಗೆ ಮಾಡ್ಯೂಲ್ ಕೂರಿಸಿದೆ. ಅವುಗಳಲ್ಲೊಂದು ಇಸ್ತ್ರಿಪೆಟ್ಟಿಗೆಯದು. ಹತ್ತು ಆಂಪಿಯರ್ ತಾಳುವ ಮಾಡ್ಯೂಲ್, ಐದು ಆಂಪಿಯರ್ ಕೂಡ ಎಳೆಯದ ಇಸ್ತ್ರಿ. ಆ ಲೆಕ್ಕವನ್ನೆಲ್ಲ ಸರಿಯಾಗಿಯೇ ಹಾಕಿದ್ದೆ. ಪ್ಲಗ್ ಮಾತ್ರ ಮೇಲೆ, ಗೋಡೆಯ ಬೋರ್ಡಿನಲ್ಲೇ ಉಳಿಯಿತು. ಅಲ್ಲಿಂದ ನೆಲದವರೆಗೆ ಉದ್ದನೆಯ ವೈರು ಬಿಟ್ಟೆ. ಗಿರಿಜಕ್ಕ ಎರಡೇ ದಿನದಲ್ಲಿ ಮೊಬೈಲ್ ಒತ್ತುವುದನ್ನು ಕಲಿತರು. ಬಿದಿರುಕೋಲು ಹಿತ್ತಿಲಿನ ಅವರೆ ಬಳ್ಳಿಗೆ ಆಸರೆಯಾಯಿತು.

ಏಪ್ರಿಲ್‌ನ ಒಂದು ಮಧ್ಯಾಹ್ನ ಅವರು ಇಸ್ತ್ರಿ ಮಾಡುತ್ತಿದ್ದಾಗ ಕರೆಂಟ್ ಹೋಯಿತು. ಮೊಬೈಲಿನಲ್ಲಿ ಆಫ್ ಒತ್ತಿದರು. ಆದರೆ ಕರೆಂಟಿನ ಜೊತೆಗೇ ವೈಫೈ ಕೂಡ ಹೋಗಿತ್ತು, ಆಜ್ಞೆ ಮಾಡ್ಯೂಲನ್ನು ತಲುಪಲೇ ಇಲ್ಲ. ಇಸ್ತ್ರಿ ತಣ್ಣಗಾದ ಮೇಲೆ ಅದನ್ನು ಮಡಿಸಿದ ರವಿಕೆಗಳ ಮೇಲಿಟ್ಟು ಅಡುಗೆಮನೆಗೆ ಹೋದರು. ಒಂದು ತಾಸಿನ ಮೇಲೆ ಕರೆಂಟ್ ಬಂತು. ಅವರು ಹೊಗೆಯ ವಾಸನೆಗೆ ಬಂದು ನೋಡುವಷ್ಟರಲ್ಲಿ ರವಿಕೆಗಳು ಕಪ್ಪಾಗಿ ಸುರುಟುತ್ತಿದ್ದವು. ಮೊಬೈಲ್ ಒತ್ತಿದರು, ವೈಫೈ ಇನ್ನೂ ಎದ್ದಿರಲಿಲ್ಲ. ಪ್ಲಗ್ಗಾಗಲಿ ಸ್ವಿಚ್ಚಾಗಲಿ ಕೈಗೆ ನಿಲುಕುವಂತಿರಲಿಲ್ಲ. ವೈರು ಹಿಡಿದು ಜಗ್ಗಿದರು. ಇಸ್ತ್ರಿ ಮಗುಚಿ ಬಲಗೈಯ ಮೇಲೆ ಬಿತ್ತು.

ಬಸವರಾಜ ಫೋನ್ ಮಾಡಿದ. ಮರುದಿನ ಬೆಳಿಗ್ಗೆ ಹೋದೆ. ಗಿರಿಜಕ್ಕನ ಕೈಗೆ ಮಣಿಕಟ್ಟಿನವರೆಗೆ ಪಟ್ಟಿ ಸುತ್ತಿದ್ದರು. "ಅಕಿಗೆ ಮೊಬೈಲ್ ಬರೋಬ್ಬರಿ ಒತ್ತಾಕ ಬಂದಿಲ್ಲರಿ. ಆಫ್ ಮಾಡೇನಿ ಅಂತಾಳ, ಆಗಿಲ್ಲ" ಎಂದ ಬಸವರಾಜ.

ನಾನು ಆ್ಯಪ್ ತೆರೆದು ನೋಡಿದೆ. ಕರೆಂಟ್ ಹೋಗಿ ಬಂದಾಗ ಮಾಡ್ಯೂಲ್ ಏನು ಮಾಡಬೇಕು ಎಂದು ತಿಳಿಸುವ ಸೆಟ್ಟಿಂಗ್ ಒಂದಿರುತ್ತದೆ. ಆಫ್ ಆಗಿಯೇ ಉಳಿಯಬೇಕು, ಇಲ್ಲವೇ ಮೊದಲು ಹೇಗಿತ್ತೋ ಹಾಗೆ ಆಗಬೇಕು. ಕಂಪನಿಯಿಂದ ಬರುವಾಗ ಅದು ಎರಡನೆಯದರಲ್ಲಿರುತ್ತದೆ. ಬಿಸಿಯಾಗುವ ಸಾಮಾನಿದ್ದರೆ ಅದನ್ನು ಆಫ್‌ಗೆ ಬದಲಿಸಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ನಾನು ಬದಲಿಸಿರಲಿಲ್ಲ.

ಆಗಲೇ ಹೇಳಿಬಿಡಬೇಕಿತ್ತು. ಗಿರಿಜಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. "ಹೌದು, ಒಮ್ಮೊಮ್ಮೆ ಸರಿ ಒತ್ತಿದ್ದು ಆಗಿರೂದಿಲ್ಲ" ಎಂದೆ. ಹಾಗೆನ್ನುತ್ತಲೇ ಸೆಟ್ಟಿಂಗ್ ಬದಲಿಸಿದೆ. ಅದು ಯಾರಿಗೂ ತಿಳಿಯಲಿಲ್ಲ.

ಹನ್ನೊಂದು ದಿನದ ಮೇಲೆ ಬಸವರಾಜ ಶಿರಸಿ ಪೇಟೆಯಲ್ಲಿ ಸಿಕ್ಕ. "ಇನ್ನ ಅಕಿ ಹೊಲಿಗಿ ಸಾಕು ಮಾಡಿಸೇನ್ರಿ. ಒಬ್ಬಾಕೀನ ಮನಿಯಾಗ ಬಿಟ್ಟು ಹೋಗೂದಂದ್ರ ಹೆದರಿಕಿ. ಮಷೀನು ತೆಗೆದು ಅಟ್ಟಕ್ಕ ಹಾಕೇನಿ" ಎಂದ. ನಾನು ಕೊಂಡ ಸಾಮಾನನ್ನು ಅಂಗಡಿಯಲ್ಲೇ ಬಿಟ್ಟು ಅವನ ಜೊತೆ ಬನವಾಸಿಗೆ ಹೊರಟೆ.

ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಸೆಟ್ಟಿಂಗಿನ ವಿಷಯ ಹೇಳಿದೆ. "ತಪ್ಪು ಅಕ್ಕಂದಲ್ಲ, ನಂದು. ಅವತ್ತೇ ನಂಗೆ ಗೊತ್ತಾಗಿತ್ತು."

ಬಸವರಾಜ ಎದ್ದು ನಿಂತು ಬಾಯಿಗೆ ಬಂದಂತೆ ಬೈದ. ಬೈಸಿಕೊಂಡೆ. ಗಿರಿಜಕ್ಕ ಬೈಯಲಿಲ್ಲ. ಮೆಲ್ಲಗೆ ಕೇಳಿದರು: "ಹನ್ನೊಂದು ದಿನ ನನಗ ನನ್ನ ಮ್ಯಾಲೆ ನಂಬಿಕಿ ಇರಲಿಲ್ಲರಿ, ನಾಯ್ಕರ. ಒತ್ತಿದ್ನೋ ಇಲ್ಲೋ, ಒತ್ತಿದ್ನೋ ಇಲ್ಲೋ ಅಂತ. ಒಂದು ಮಾತು ಹೇಳಾಕ ನಿಮಗ ಇಷ್ಟು ದಿನ ಬೇಕಾತೇನ್ರಿ?"

ಮರುದಿನವೇ ಹೋಗಿ ಮೂರೂ ಮಾಡ್ಯೂಲ್ ತೆಗೆದೆ. ಬಸವರಾಜ ಗೋಡೆಯ ಬಣ್ಣದ ಮಾತೆತ್ತಲಿಲ್ಲ. ಗೋಡೆ ಕೊರೆದು, ಪೈಪು ಇಳಿಸಿ, ಎರಡು ದಿನದಲ್ಲಿ ಎಲ್ಲ ಬೋರ್ಡುಗಳನ್ನೂ ಎರಡಡಿ ಎತ್ತರಕ್ಕೆ ತಂದೆ. ಗಿರಿಜಕ್ಕ ಎಡಗೈಯಿಂದ ಒಂದೊಂದೇ ಸ್ವಿಚ್ ಹಾಕಿ ಆರಿಸಿ ನೋಡಿದರು. ಮೊದಲ ದಿನವೇ ಅವರು ಕೇಳಿದ್ದ ಕೆಲಸ ಇಷ್ಟೇ ಇತ್ತು.

ಯಂತ್ರ ಅಟ್ಟದಿಂದ ಇಳಿದಿದೆ. ಆದರೆ ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಕತ್ತರಿ ಹಿಡಿಯಲಾಗದೆ ಬಟ್ಟೆ ಕತ್ತರಿಸುವ ಕೆಲಸವನ್ನು ಬೇರೆಯವರಿಗೆ ಕೊಡುತ್ತಾರಂತೆ. ಮದುವೆ ರವಿಕೆ ಈಗ ಒಪ್ಪಿಕೊಳ್ಳುವುದಿಲ್ಲವಂತೆ. ಇದೆಲ್ಲ ನನಗೆ ಬೇರೆಯವರಿಂದ ತಿಳಿದದ್ದು. ಆ ಮನೆಯಿಂದ ನನಗೆ ಮತ್ತೆ ಕರೆ ಬಂದಿಲ್ಲ.

ಈಗಲೂ ನಾನು ರಿಲೇ ಮಾಡ್ಯೂಲ್ ಕೂರಿಸುತ್ತೇನೆ, ಅದು ಕೆಟ್ಟ ಸಾಮಾನಲ್ಲ. ಕೆಲಸ ಮುಗಿದ ಮೇಲೆ ಮನೆಯವರ ಎದುರೇ ಮೇನ್ ಸ್ವಿಚ್ ಇಳಿಸಿ, ಮತ್ತೆ ಏರಿಸಿ, ಯಾವ ಸಾಕೆಟ್ ತಾನಾಗಿ ಎಚ್ಚರವಾಗುತ್ತದೆ ಎಂದು ನೋಡುತ್ತೇನೆ. ಹೊಸ ವೈರ್‌ಮನ್ನರಿಗೂ ಇದನ್ನೇ ಕಲಿಸುತ್ತೇನೆ. ಯಾಕೆ ಎಂದು ಅವರು ಕೇಳಿದರೆ ಗಿರಿಜಕ್ಕನ ಕೈ ಸುಟ್ಟದ್ದನ್ನು ಹೇಳುತ್ತೇನೆ. ಅದು ಹೇಗೋ ಬಾಯಿಗೆ ಬರುತ್ತದೆ. ಮರುದಿನ ಬೆಳಿಗ್ಗೆ ಅವರೆದುರು ನಿಂತು ನಾನು ಆಡಿದ ಮಾತನ್ನು ಹೇಳುವಾಗ ಮಾತ್ರ ಇವತ್ತಿಗೂ ದನಿ ಇಳಿಯುತ್ತದೆ. ಆದರೂ ಅದನ್ನು ಬಿಡದೆ ಹೇಳುತ್ತೇನೆ. ಈ ಕೆಲಸದಲ್ಲಿ ತಪ್ಪು ಯಾರ ಕೈಯಿಂದಲೂ ಆದೀತು. ಅದನ್ನು ತಪ್ಪು ಮಾಡದವರ ತಲೆಗೆ ಕಟ್ಟಿ ಬರಬಾರದು.