ಫುಟ್‌ಪಾತಿನ ಮೇಲಿನ ದೋಣಿ

ದಾಂಡೇಲಿಯಲ್ಲಿ ಸೈಕಲ್ಲಿಗೆ ಮರ್ಯಾದೆ ಇದ್ದ ಕಾಲವನ್ನು ಮಲಕಪ್ಪ ಕಂಡವನು. ಕಾಗದ ಕಾರ್ಖಾನೆಯ ಭೋಂಗಾ ಕೂಗಿತೆಂದರೆ ರಸ್ತೆ ತುಂಬ ಸೈಕಲ್ಲುಗಳೇ. ಬಿದಿರು ಹೊತ್ತ ಲಾರಿ ಕೂಡ ಬದಿಗೆ ನಿಂತು ದಾರಿ ಬಿಡುತ್ತಿತ್ತು. ಕಲಘಟಗಿ ಕಡೆಯ ಹಳ್ಳಿಯಿಂದ ಬಂದು ಕಾರ್ಖಾನೆಯ ಕೆಲಸಕ್ಕೆ ಸೇರಿದ ಅವನು ಮೊದಲು ಸೈಕಲ್ ಕೊಂಡ, ಆಮೇಲೆ ಮದುವೆಯಾದ. ಹೆಣ್ಣಿನ ಮನೆಯವರು "ಹುಡುಗನ ಕಡೆ ಸೈಕಲ್ ಐತಿ" ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಈಗ ಅದೇ ಮಾತನ್ನು ಜನ ಬೇರೆ ದನಿಯಲ್ಲಿ ಹೇಳುತ್ತಾರೆ: "ಪಾಪ, ಇನ್ನೂ ಸೈಕಲ್ ಮ್ಯಾಲೇ ಅದಾನ."

ನಿವೃತ್ತಿಯಾದ ಮೇಲೆ ಅವನು ಕೋಗಿಲಬನದ ಒಂದು ಹೋಮ್‌ಸ್ಟೇಯಲ್ಲಿ ತೋಟ ನೋಡಿಕೊಳ್ಳುತ್ತಿದ್ದ. ಬೆಳಗ್ಗೆ ಅತಿಥಿಗಳು ಏಳುವುದರೊಳಗೆ ಗಿಡಗಳಿಗೆ ನೀರಾಗಬೇಕು. ಆ ಹೊತ್ತಿಗೆ ಬಸ್ಸಿಲ್ಲ. ಸೈಕಲ್ ಇದ್ದರೆ ಕೆಲಸ, ಇಲ್ಲವಾದರೆ ಮನೆ.

ಆದರೆ ರಸ್ತೆ ಈಗ ಪ್ರವಾಸಿಗರ ಜೀಪುಗಳದು. ಹುಲಿ ನೋಡಲು ಕುಳಗಿಯ ಕಾಡಿಗೆ ಹೊರಟವರು ಕಾಣದ ಹುಲಿಗಾಗಿ ಗಾಡಿ ನಿಧಾನ ಮಾಡುತ್ತಾರೆ, ಎದುರಿಗೆ ಕಾಣುವ ಸೈಕಲ್ಲಿಗಾಗಿ ಮಾಡುವುದಿಲ್ಲ. ಒಮ್ಮೆ ಜೀಪೊಂದು ಹ್ಯಾಂಡಲ್ ಸವರಿಕೊಂಡು ಹೋದ ಮೇಲೆ ಮಲಕಪ್ಪ ಫುಟ್‌ಪಾತ್ ಹತ್ತಿದ. ಹತ್ತಿದ ಮೇಲೆ ಅವನಿಗೆ ಅಲ್ಲಿಯ ಗಾಳಿ ಹಿಡಿಸಿತು. ರಸ್ತೆಯಲ್ಲಿ ಯಾರಿಗೂ ಕೇಳದ ಅವನ ಗಂಟೆ ಇಲ್ಲಿ ಎಲ್ಲರಿಗೂ ಕೇಳುತ್ತಿತ್ತು. ಹೆಂಗಸರು ಗೋಡೆಗೆ ಒತ್ತಿ ನಿಲ್ಲುತ್ತಿದ್ದರು, ಮುದುಕರು ಬೈಯುತ್ತ ಸರಿಯುತ್ತಿದ್ದರು. ಜೀಪಿನವರಿಂದ ಕಲಿತದ್ದನ್ನೆಲ್ಲ ಅವನು ನಡೆಯುವವರ ಮೇಲೆ ಪ್ರಯೋಗಿಸತೊಡಗಿದ. ವಿದ್ಯೆ ಎಂದೂ ವ್ಯರ್ಥವಾಗುವುದಿಲ್ಲ.

ನಮ್ಮ ಕಡೆ ಅಪಘಾತಕ್ಕೆ ಒಂದೇ ಕಾನೂನು: ದೊಡ್ಡ ಗಾಡಿಯವನದೇ ತಪ್ಪು. ಹಿಂದೊಮ್ಮೆ ಮಲಕಪ್ಪ ಅಡ್ಡದಾರಿಯಿಂದ ನುಗ್ಗಿ ಗೋವಾದ ಕಾರಿಗೆ ತಾನೇ ಗುದ್ದಿದ್ದ. ನೆರೆದ ಮಂದಿ ಕಾರಿನವನಿಂದ ಕೈ ಮುಗಿಸಿ, ಮಲಕಪ್ಪನಿಗೆ ಚಹಾ ಕುಡಿಸಿ ಕಳಿಸಿದ್ದರು. ಅಂದಿನಿಂದ ಆ ಕಾನೂನಿನ ಮೇಲೆ ಅವನಿಗೆ ಅಪಾರ ಗೌರವ. ಫುಟ್‌ಪಾತಿನ ಮೇಲೆ ದೊಡ್ಡ ಗಾಡಿ ತನ್ನದೇ ಎಂಬುದು ಮಾತ್ರ ಹೊಳೆದಿರಲಿಲ್ಲ.

ಅದೇ ಫುಟ್‌ಪಾತಿನ ಮೇಲೆ ಮಹಾಬಳೇಶ್ವರನ ದೋಣಿಯೂ ಇತ್ತು. ಕಾಳಿ ನದಿಯಲ್ಲಿ ರ್‍ಯಾಫ್ಟಿಂಗ್ ಮಾಡಿಸುವ ಬುಕಿಂಗ್ ಅಂಗಡಿ ಅವನದು. ಜಾಹೀರಾತಿಗೆಂದು ಗಾಳಿ ತುಂಬಿದ ರಬ್ಬರ್ ದೋಣಿಯೊಂದನ್ನು ಅಂಗಡಿಯ ಮುಂದೆ ಆಳೆತ್ತರಕ್ಕೆ ನಿಲ್ಲಿಸಿದ್ದ. ಅದು ಫುಟ್‌ಪಾತಿನ ಮುಕ್ಕಾಲು ಭಾಗವನ್ನು ನುಂಗಿತ್ತು. ಅವನೇ ಊರಿನ ಪಾದಚಾರಿ ಹಿತರಕ್ಷಣಾ ವೇದಿಕೆಯ ಅಧ್ಯಕ್ಷನೂ ಆಗಿದ್ದ. ಇದರಲ್ಲಿ ವಿರೋಧಾಭಾಸ ಯಾರಿಗೂ ಕಂಡಿರಲಿಲ್ಲ.

ಆ ದಿನ ದೋಣಿಯ ಆ ಬದಿಯಿಂದ ಸತ್ತೆವ್ವ ಬರುತ್ತಿದ್ದಳು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಹೆಂಗಸು, ತಲೆಯ ಮೇಲೆ ರೊಟ್ಟಿಯ ಗಂಟು. ಈ ಬದಿಯಿಂದ ಮಲಕಪ್ಪ ಗಂಟೆ ಬಾರಿಸುತ್ತ ನುಗ್ಗಿದ. ದೋಣಿಯ ಮರೆಯಲ್ಲಿ ಒಬ್ಬರಿಗೊಬ್ಬರು ಕಾಣಲಿಲ್ಲ. ರೊಟ್ಟಿ ಗಟಾರಕ್ಕೆ ಬಿತ್ತು, ಸತ್ತೆವ್ವ ಬಲಗೈ ಊರಿ ಬಿದ್ದಳು. ಮಣಿಕಟ್ಟು ಅಲ್ಲೇ ಊದಿತು.

ಮಂದಿ ಕೂಡಿತು. "ಗಾಡಿ ಯಾರದೋ?" ಎಂದಿತು. ಮಲಕಪ್ಪನ ಪ್ರೀತಿಯ ಕಾನೂನು ಅವನ ಕುತ್ತಿಗೆಗೇ ಬಂತು.

ಮಹಾಬಳೇಶ್ವರ ಸೈಕಲ್ಲನ್ನು ಸರಪಳಿಯಿಂದ ದೋಣಿಗೇ ಕಟ್ಟಿಸಿದ. "ಪಂಚಾಯ್ತಿ ಆಗಿ ಸತ್ತೆವ್ವ ಹೂಂ ಅನ್ನೂತನಕ ಇದು ಇಲ್ಲೇ ಇರ್ತೈತಿ" ಎಂದ. ಹೀಗೆ ಫುಟ್‌ಪಾತಿನ ಉಳಿದ ಕಾಲು ಭಾಗವೂ ತುಂಬಿತು.

ಮಲಕಪ್ಪ ಸಂಜೆ ಸತ್ತೆವ್ವನ ಮನೆಗೆ ಹೋದ. ಅವಳು ಬಲಗೈಗೆ ಪಟ್ಟಿ ಕಟ್ಟಿಕೊಂಡು ಎಡಗೈಯಿಂದ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಯಾವುದೋ ತಾಲೂಕಿನ ನಕಾಶೆಯಂತೆ ಹರಿದು ಹೋಗುತ್ತಿತ್ತು.

"ನಾ ಗಂಟಿ ಹೊಡದಿದ್ದೆ ತಂಗಿ" ಎಂದ.

"ಗಂಟಿ ಹೊಡದ್ರ ನಾ ಎಲ್ಲಿ ಹೋಗ್ಲೋ ಯಣ್ಣಾ? ಒಂದ್ ಕಡೆ ಗ್ವಾಡಿ, ಒಂದ್ ಕಡೆ ದ್ವಾಣಿ. ಗುಬ್ಬಿ ಹಂಗ ಹಾರ್ಲ್ಯಾ?"

ಅವನು ಹರಿದ ರೊಟ್ಟಿಯನ್ನೇ ನೋಡಿದ. ಜೀಪಿನವನೂ ಹೀಗೇ ಹಾರ್ನ್ ಹೊಡೆದಿದ್ದ, ನಿಜ.

"ತಪ್ಪಾತು" ಎಂದ. "ನನ್ನ ಕೆಲಸ ಹೋಗ್ತೈತಿ, ಅದಕ್ಕಂತ ಬಂದಿದ್ದೆ. ನಿಂದೂ ಹೋಗೂ ಹಂಗ ಐತೆಲ್ಲ."

"ಬಾಜೂಮನಿ ಮಾಲವ್ವ ಬಡದು ಕೊಡ್ತಾಳ. ಹೊತ್ಗೊಂಡು ಹೋಗವ್ರು ಯಾರು?" ಎಂದಳು ಸತ್ತೆವ್ವ. ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಮರುದಿನ ಸತ್ತೆವ್ವನನ್ನೂ ಮಲಕಪ್ಪನನ್ನೂ ಕರೆಸಿ ವೇದಿಕೆಯ ಸಭೆ ಸೇರಿತು. ಸದಸ್ಯರೆಲ್ಲ ತಮ್ಮ ಬೈಕುಗಳನ್ನು ಫುಟ್‌ಪಾತಿನ ಮೇಲೆ ಸಾಲಾಗಿ ನಿಲ್ಲಿಸಿ, ಪಾದಚಾರಿಗಳ ಕಷ್ಟದ ಬಗ್ಗೆ ಮರುಗಿದರು. ಸೈಕಲ್ಲಿನವರಿಗೆ ಶಿಸ್ತಿಲ್ಲ, ತಿಳಿವಳಿಕೆ ಇಲ್ಲ, ಇಂಥವರಿಂದಲೇ ಊರು ಮುಂದೆ ಬರುತ್ತಿಲ್ಲ ಎಂದರು. ಕೊನೆಗೆ ಅಧ್ಯಕ್ಷ ಸತ್ತೆವ್ವನ ಕಡೆ ತಿರುಗಿದ.

"ನೀ ಹೇಳ್ಬೇ. ಸೈಕಲ್ ಕೊಡೂಣೋ ಬ್ಯಾಡೋ?"

"ದೊಡ್ಡ ಗಾಡೀದು ತಪ್ಪು, ಹೌದಲ್ರಿ ಸಾವ್ಕಾರ್ರ?"

"ಹೌದ ಹೌದು" ಎಂದಿತು ಸಭೆ.

"ಹಂಗಾರ ಅಲ್ಲಿ ದೊಡ್ಡ ಗಾಡಿ ಯಾವ್ದು? ಸೈಕಲ್ಲೋ, ದ್ವಾಣಿಯೋ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮಹಾಬಳೇಶ್ವರ ಕೆಮ್ಮಿದ. "ದ್ವಾಣಿ ಗಾಡಿ ಹೆಂಗಾಕ್ಕೈತಿ? ಅದಕ್ಕ ಗಾಲಿ ಎಲ್ಲಿ ಅದಾವು?"

"ಗಾಲಿ ಇಲ್ಲಂದ್ರ ನೀರಾಗ ಇರ್ಲಿ. ಗಾಲಿ ಇದ್ದದ್ದು ರಸ್ತೆದಾಗ ಇರ್ಲಿ. ಕಾಲಿದ್ದವ್ರಿಗೆ ಒಂದೀಟು ಜಾಗಾ ಬಿಡ್ರಿ." ಅಷ್ಟರಲ್ಲಿ ಮಲಕಪ್ಪನ ಮೀಸೆಯಡಿ ನಗು ಕಂಡು ಅವನತ್ತ ತಿರುಗಿದಳು. "ನೀ ನಗಬ್ಯಾಡೋ ಯಣ್ಣಾ. ಮುದುಕ್ಯಾರನ್ನ ಗ್ವಾಡಿಗೆ ಒತ್ತಿಸಿದಾಂವ ನೀನೂ ಹೌದು. ಸೈಕಲ್ ತಗೋ. ನನ್ ಕೈ ನೆಟ್ಟಗಾಗೂ ತನಕಾ ಕೋಗಿಲಬನದಿಂದ ಬಂದು ನನ್ ರೊಟ್ಟಿ ಗಂಟು ಹೇರ್ಕೋ. ತಳ್ಕೊಂಡು ನಡಿ, ಹತ್ತಬ್ಯಾಡ."

ವೇದಿಕೆ ಸೈಕಲ್ಲನ್ನು ಬಿಟ್ಟುಕೊಟ್ಟಿತು. 'ಇಲ್ಲಿ ಸೈಕಲ್ ನಿಷೇಧಿಸಲಾಗಿದೆ' ಎಂಬ ಫಲಕ ನಿಲ್ಲಿಸಲು ಒಮ್ಮತದಿಂದ ಠರಾವನ್ನೂ ಮಾಡಿತು. ದೋಣಿ ಪ್ರವಾಸೋದ್ಯಮಕ್ಕೆ ಸಂಬಂಧಿಸಿದ ಗಂಭೀರ ವಿಷಯವಾದ್ದರಿಂದ ಅದಕ್ಕೆ ಉಪಸಮಿತಿಯಾಯಿತು. ಕಬ್ಬಿಣದ ಕಂಬದ ಮೇಲೆ ಫಲಕ ಬಂತು. ಅದನ್ನು ಹುಗಿದದ್ದು ಫುಟ್‌ಪಾತಿನ ನಡುವೆ, ದೋಣಿಯ ಪಕ್ಕದಲ್ಲಿ. ಈಗ ಅಲ್ಲಿ ಸೈಕಲ್ ಖಂಡಿತ ಹೋಗಲಾರದು. ಮನುಷ್ಯರೂ ಹೋಗಲಾರರು.

ಹಾಗಾಗಿ ಇಬ್ಬರೂ ರಸ್ತೆಗಿಳಿದರು. ಕ್ಯಾರಿಯರಿನ ಮೇಲೆ ರೊಟ್ಟಿ ಗಂಟು. ಮಲಕಪ್ಪ ಸೈಕಲ್ಲನ್ನು ಜೀಪುಗಳ ಬದಿಗೆ ಹಿಡಿದು ತಳ್ಳುತ್ತಿದ್ದ, ಸತ್ತೆವ್ವ ಅದರ ಒಳಮಗ್ಗುಲಲ್ಲಿ ನಡೆಯುತ್ತಿದ್ದಳು. ಗಂಟೆಯ ಮೇಲೆ ಬೆರಳಿತ್ತು, ಆದರೆ ಅವನು ಬಾರಿಸಲಿಲ್ಲ. ಬಾರಿಸಿದರೆ ಸರಿಯಬೇಕಾದವಳು ಪಕ್ಕದಲ್ಲೇ ಇದ್ದಳು.

ಹಿಂದಿನಿಂದ ಜೀಪೊಂದು ಬಂದು ಕಿವಿ ಹರಿಯುವಂತೆ ಹಾರ್ನ್ ಹಾಕಿತು. ಡ್ರೈವರ್ ತಲೆ ಹೊರಗೆ ಹಾಕಿ ಕೂಗಿದ: "ಏ ಮುತ್ಯಾ, ರಸ್ತೆ ನಿಮ್ಮಪ್ಪಂದ? ಫುಟ್‌ಪಾತ್ ಮತ್ಯಾಕ ಮಾಡ್ಯಾರ?"

ಮಲಕಪ್ಪ ತಿರುಗುವ ಮೊದಲೇ ಸತ್ತೆವ್ವ ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸಿದಳು.

"ದ್ವಾಣಿ ನಿಲ್ಸಾಕೋ ತಮ್ಮಾ!"